ನೆರವು ಕೊಡುವವರಿಗೆ ನೆರವು ಎಲ್ಲಿ? 14416, ಡಿಮ್ಹಾನ್ಸ್ ಮತ್ತು ಮಂಗಳವಾರದ ಕ್ಲಿನಿಕ್

ಹುಬ್ಬಳ್ಳಿ-ಧಾರವಾಡದ ಕಡೆ ಇನ್ನೊಬ್ಬರ ಮನಸ್ಸಿನ ಸಂಕಟ ಕೇಳಿಸಿಕೊಳ್ಳುವವರೆಲ್ಲ ಬೋರ್ಡು ಹಾಕಿಕೊಂಡ ಕೌನ್ಸೆಲರ್‌ಗಳೇ ಅಲ್ಲ. ಆಶಾ ಕಾರ್ಯಕರ್ತೆಯರು, ಹಾಸ್ಟೆಲ್ ವಾರ್ಡನ್‌ಗಳು, ಸ್ವಸಹಾಯ ಸಂಘ ನಡೆಸುವ ಅಕ್ಕಂದಿರು, ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಕಿರಿಯರಿಗೆ ಅಣ್ಣನಂತಿರುವ ಹಳೆಯ ರೂಮ್‌ಮೇಟ್‌ಗಳು ಈ ಕೆಲಸ ಮಾಡುತ್ತಿರುತ್ತಾರೆ. ಇವರಲ್ಲೇ ಕೆಲವರು ತಾವೂ ಆತಂಕದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುತ್ತಾರೆ. ಬೆಳಿಗ್ಗೆ ತಮ್ಮ ಗುಳಿಗಿ ನುಂಗಿ, ಸಂಜೆ ಮತ್ತೊಬ್ಬರಿಗೆ 'ದವಾಖಾನಿಗೆ ಹೋಗ್ರಿ' ಎಂದು ಹೇಳುವವರು. ಈ ವಿಮರ್ಶೆ ಬರೆದಿರುವುದು ಅವರಿಗಾಗಿ.

ಇಲ್ಲಿ ನೋಡಿರುವುದು ಮೂರು ಸರ್ಕಾರಿ ಸೇವೆಗಳನ್ನು: 14416ರ ಟೆಲಿ-ಮಾನಸ್ ಸಹಾಯವಾಣಿ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್. ಮೂರೂ ಉಪಯೋಗಕ್ಕೆ ಬರುತ್ತವೆ, ಆದರೆ ಒಂದೊಂದು ಒಂದೊಂದು ಕೆಲಸಕ್ಕೆ. ಫೋನಿನಲ್ಲಿ ಆಗಬೇಕಾದ್ದನ್ನು ಓಪಿಡಿಯಲ್ಲಿ, ಓಪಿಡಿಯಲ್ಲಿ ಆಗಬೇಕಾದ್ದನ್ನು ಫೋನಿನಲ್ಲಿ ಹುಡುಕಿದಾಗ 'ಅಲ್ಲೇನೂ ಉಪಯೋಗಿಲ್ರಿ' ಎಂಬ ಮಾತು ಹುಟ್ಟುತ್ತದೆ. ಮೂರರಲ್ಲೂ ಒಂದು ಕೊರತೆ ಸಮಾನ. 'ನೀವು ಬೇರೆಯವರನ್ನೂ ನೋಡ್ಕೋತೀರೇನು?' ಎಂಬ ಪ್ರಶ್ನೆ ಯಾವ ಫಾರ್ಮಿನ ಖಾನೆಯಲ್ಲೂ ಇರುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಚಿಕಿತ್ಸೆಯ ಅರ್ಧ ಭಾಗ ತಪ್ಪಿಹೋಗುತ್ತದೆ. ಕಾರಣ ಮುಂದೆ ಬರುತ್ತದೆ.

ಟೆಲಿ-ಮಾನಸ್

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಂಖ್ಯೆ 14416. ಅದು ತಾಗದಿದ್ದರೆ 1800-891-4416. ದಿನದ 24 ಗಂಟೆಯೂ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಭಾಷೆ ಆರಿಸಲು ಧ್ವನಿ ಕೇಳುತ್ತದೆ, ನಂತರ ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ. ಅವರ ಕೈಮೀರಿದ್ದಾದರೆ ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ದಾಟಿಸುತ್ತಾರೆ, ಇಲ್ಲವೆ ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2024ರಿಂದ ಆ್ಯಪ್ ಕೂಡ ಇದೆ.

ನೆರವು ಕೊಡುವವರು ಈ ಸೇವೆಯನ್ನು ಹಾಳುಮಾಡಿಕೊಳ್ಳುವ ರೀತಿ ಒಂದಿದೆ. 'ನನಗಲ್ರೀ, ನಮ್ಮ ಗೆಳತಿಗೆ ಎದಿ ಡವಡವ ಅಂತದ, ರಾತ್ರಿ ನಿದ್ದಿ ಇಲ್ಲ' ಎಂದು ಶುರು ಮಾಡುವುದು. ಗೆಳತಿಯ ಹೆಸರಿನಲ್ಲಿ ಅರ್ಧ ತಮ್ಮದೇ ಲಕ್ಷಣ ಹೇಳಿ ಮುಗಿಸುವುದು. ಆ ಕಡೆಯವರು ಮೂರನೆಯವರ ಬಗ್ಗೆ ಕೊಡಬಹುದಾದ ಸಾಮಾನ್ಯ ಸಲಹೆ ಕೊಡುತ್ತಾರೆ. ಅದು ಗೆಳತಿಗೂ ಸರಿಹೊಂದುವುದಿಲ್ಲ, ಕರೆ ಮಾಡಿದವರಿಗೂ ಮುಟ್ಟುವುದಿಲ್ಲ. ಹಾಗಾಗಿ ಎರಡು ವಿಷಯಕ್ಕೆ ಎರಡು ಕರೆ ಮಾಡಿ. ಮೊದಲ ವಾಕ್ಯದಲ್ಲೇ 'ಈ ಫೋನು ನನ್ನ ಸಲುವಾಗಿ' ಅಥವಾ 'ನಾನು ನೋಡಿಕೊಳ್ಳುತ್ತಿರುವ ಒಬ್ಬರ ಸಲುವಾಗಿ' ಎಂದು ಹೇಳಿಬಿಡಿ.

ಇದರ ದೊಡ್ಡ ಕೊರತೆಯೆಂದರೆ ಪ್ರತಿ ಸಲ ಅದೇ ಕೌನ್ಸೆಲರ್ ಸಿಗುವ ಖಾತ್ರಿಯಿಲ್ಲ. ಇದ್ದಬದ್ದದ್ದನ್ನೆಲ್ಲ ಮೊದಲಿಂದ ಹೇಳಬೇಕಾದಾಗ ಬೇಸರ ಬರುತ್ತದೆ, ಅನೇಕರು ಎರಡನೇ ಕರೆಗೇ ಬಿಟ್ಟುಬಿಡುತ್ತಾರೆ. ಇದಕ್ಕೆ ಉಪಾಯ ನಾಲ್ಕು ಸಾಲಿನ ಒಂದು ಚೀಟಿ: ಯಾವಾಗಿನಿಂದ ಈ ತೊಂದರೆ, ವಾರದಲ್ಲಿ ಎಷ್ಟು ರಾತ್ರಿ ನಿದ್ದೆ ಕೆಡುತ್ತದೆ, ಯಾವ ಗುಳಿಗಿ ಎಷ್ಟು ಮಿಲಿಗ್ರಾಂ, ಹಿಂದಿನ ಕರೆಯಲ್ಲಿ ಏನು ಮಾಡಲು ಹೇಳಿದ್ದರು. ಅದನ್ನು ಓದಿ ಹೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಉಳಿದ ಹೊತ್ತು ಮಾತಿಗೆ ಸಿಗುತ್ತದೆ.

ನಮ್ಮ ದೃಷ್ಟಿಯಲ್ಲಿ ಈ ಸಹಾಯವಾಣಿಯ ಅತಿ ಒಳ್ಳೆಯ ಬಳಕೆಯನ್ನೇ ಜನ ಮಾಡುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ಒಬ್ಬರ ಕಷ್ಟ ಕೇಳಿ ಫೋನಿಟ್ಟ ಮೇಲೆ ನಿದ್ದೆ ಬಾರದೆ ಒದ್ದಾಡುವಾಗ, ಅವರ ಹೆಸರು-ಊರು ಬಿಟ್ಟು 'ಇಂಥದ್ದು ಕೇಳಿದೆ, ಈಗ ನನಗೆ ಹಿಂಗಾಗೇದ' ಎಂದು ಮನಸ್ಸಿನ ಭಾರ ಇಳಿಸಿಕೊಳ್ಳಲು ಈ ಮೂರರಲ್ಲಿ ಆ ಹೊತ್ತಿಗೆ ಎಚ್ಚರವಿರುವ ಜಾಗ ಇದೊಂದೇ. ಗಂಡನಿಗೋ ಅಕ್ಕನಿಗೋ ಹೇಳಿದರೆ ಗುಟ್ಟು ಊರಾಡುವ ಭಯವಿರುತ್ತದೆ. ಇಲ್ಲಿ ಆ ಭಯವಿಲ್ಲ.

ಗಾಬರಿಯ ಹೊಡೆತ ಏರುತ್ತಿರುವ ಹೊತ್ತಿಗೆ ಮಾತ್ರ ಈ ಸಂಖ್ಯೆ ಅಷ್ಟು ಹೊಂದುವುದಿಲ್ಲ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಭಾಷೆಗೆ ಯಾವ ಗುಂಡಿ ಒತ್ತಬೇಕೆಂದು ಕೇಳುವ ತಾಳ್ಮೆ ಆಗ ಇರುವುದಿಲ್ಲ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದು ನಿಮಿಷ ಮಾಡಿ, ಇಳಿದ ಮೇಲೆ ಫೋನ್ ಹಚ್ಚಿ. ದೀರ್ಘ ಉಸಿರು ಎಂದು ಜೋರಾಗಿ ಎಳೆದೆಳೆದು ಬಿಟ್ಟರೆ ಕೈಕಾಲು ಜುಮುಗುಟ್ಟಿ, ತಲೆ ಸುತ್ತಿ, ಗಾಬರಿ ಇನ್ನೂ ಏರುತ್ತದೆ. ಹೊರಬಿಡುವ ಉಸಿರು ಉದ್ದವಿರಬೇಕು, ಅಷ್ಟೇ. ಜೀವ ಕಳೆದುಕೊಳ್ಳುವ ವಿಚಾರ ಬರುತ್ತಿದ್ದರೆ ಕಾಯದೆ 14416ಕ್ಕೆ ಕರೆ ಮಾಡಿ. ಅಪಾಯ ಕಣ್ಣೆದುರೇ ಇದ್ದರೆ 112 ಅಥವಾ 108. ಮೊದಲ ಬಾರಿಗೆ ಎದೆ ನೋವು ಬಂದಿದ್ದರೆ, ಅದರಲ್ಲೂ ನಲವತ್ತು ದಾಟಿದ್ದರೆ ಅಥವಾ ಬಿಪಿ, ಶುಗರ್ ಇದ್ದರೆ, ಅದನ್ನು 'ಟೆನ್ಶನ್' ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಇಸಿಜಿ ಆಗಲಿ.

ಡಿಮ್ಹಾನ್ಸ್, ಧಾರವಾಡ

ಬೆಳಗಾವಿ ರಸ್ತೆಯ ಈ ಸಂಸ್ಥೆಯ ಬೇರು 1845ರ ಬ್ರಿಟಿಷ್ ಕಾಲದ ಹುಚ್ಚಾಸ್ಪತ್ರೆಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ಯಾರಾದರೂ ವಿಚಿತ್ರವಾಗಿ ಆಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಎಂಬ ಚೇಷ್ಟೆ ಇನ್ನೂ ಚಾಲ್ತಿಯಲ್ಲಿದೆ. ವಿಶ್ವವಿದ್ಯಾಲಯ, ಸಂಗೀತ, ಪೇಢೆ ಇಷ್ಟೆಲ್ಲ ಇರುವ ಊರಿಗೆ ಈ ಮಾತು ಅಂಟಿಕೊಂಡಿದ್ದು ಅನ್ಯಾಯವೇ ಸರಿ. ಗೇಟಿನ ಒಳಗೆ ಕಾಲಿಡಲು ಜನ ಹಿಂಜರಿಯುವುದಕ್ಕೂ ಇದೇ ಕಾರಣ. ಒಳಗಿರುವುದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನೋಸಾಮಾಜಿಕ ಕಾರ್ಯಕರ್ತರು ಒಂದೇ ಆವರಣದಲ್ಲಿ ಸಿಗುವ ತರಬೇತಿ ಸಂಸ್ಥೆ.

ತರಬೇತಿ ಸಂಸ್ಥೆಯಾದ್ದರಿಂದ ಮೊದಲ ಭೇಟಿಯಲ್ಲಿ ಕಿರಿಯ ವೈದ್ಯರು ಕೂರಿಸಿಕೊಂಡು ಉದ್ದ ಇತಿಹಾಸ ಬರೆದುಕೊಂಡು, ನಂತರ ಹಿರಿಯರಿಗೆ ತೋರಿಸುವುದು ವಾಡಿಕೆ. ಒಂದೇ ಕಥೆಯನ್ನು ಎರಡು ಸಲ ಹೇಳಿಸಿದರೆಂದು ಸಿಟ್ಟಾಗಬೇಡಿ. ಖಾಸಗಿ ಕ್ಲಿನಿಕ್ಕುಗಳಲ್ಲಿ ದುಡ್ಡು ಕೊಟ್ಟರೂ ಸಿಗದಷ್ಟು ಹೊತ್ತು ಇಲ್ಲಿ ಸಿಗುವುದು ಆ ಮೊದಲ ಕೂರುವಿಕೆಯಲ್ಲಿ. ಮುಂದಿನ ಭೇಟಿಗಳಲ್ಲಿ ಮಾತು ಚುಟುಕಾಗುತ್ತದೆ. ಹಾಗಾಗಿ ಅರ್ಧ ದಿನ ರಜೆ ಹಾಕಿ, ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಜೊತೆಗೆ ಇರಬೇಕಾದ್ದು: ಆಧಾರ್, ಪಡಿತರ ಚೀಟಿ, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗಿಗಳ ಪಟ್ಟಿಗಳೇ, ಅಂದರೆ ಸ್ಟ್ರಿಪ್‌ಗಳೇ (ಹೆಸರು ಬರೆದುಕೊಂಡು ಹೋದರೆ ಮಿಲಿಗ್ರಾಂ ತಪ್ಪುತ್ತದೆ). ಇತ್ತೀಚಿನ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ವರದಿ ಇದ್ದರೆ ಒಂದು ಸುತ್ತು ತಪ್ಪುತ್ತದೆ. ಥೈರಾಯ್ಡ್ ಹೆಚ್ಚಾದಾಗ ಎದೆಬಡಿತ, ನಡುಕ, ಬೆವರು ಎಲ್ಲವೂ ಆತಂಕದ ಹಾಗೆಯೇ ಇರುತ್ತವೆ. ದಿನಕ್ಕೆ ಎಷ್ಟು ಕಪ್ ಚಹಾ ಎಂದು ಕೇಳಿದರೆ ಸುಳ್ಳು ಹೇಳಬೇಡಿ. ಮನೆಮನೆ ಭೇಟಿಯ ಕೆಲಸದವರಿಗೆ ಎಂಟು ಹತ್ತು ಕಪ್ ಲೆಕ್ಕಕ್ಕೇ ಸಿಗದೆ ಒಳಗೆ ಹೋಗಿರುತ್ತದೆ.

ಹೋಗುವ ಮುನ್ನ ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿ ತುಂಬಿ. ಕನ್ನಡದಲ್ಲೂ ಇದೆ. ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 21. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ. ರೋಗ ನಿರ್ಣಯಕ್ಕೆ ಇದಿಷ್ಟೇ ಸಾಲದು, ಆದರೆ ಎರಡು ವಾರಕ್ಕೊಮ್ಮೆ ತುಂಬಿ ದಿನಾಂಕ ಹಾಕಿಟ್ಟರೆ ಚಿಕಿತ್ಸೆ ಯಾವ ಕಡೆ ಹೊರಟಿದೆ ಎಂಬುದು ವೈದ್ಯರಿಗೆ ಒಂದು ನೋಟಕ್ಕೆ ಕಾಣುತ್ತದೆ. ನೆರವಿನ ಕೆಲಸದವರಿಗೆ ನಮ್ಮದೊಂದು ನಿಯಮ: ಅಂಕ ಬೆನ್ನುಬೆನ್ನಿಗೆ ಎರಡು ಸಲ ಏರಿದರೆ ಹೊಸಬರ ಕಷ್ಟ ಕೇಳುವುದನ್ನು ಅಂದೇ ನಿಲ್ಲಿಸಿ. ಇರುವವರನ್ನು ಬೇರೆಯವರಿಗೆ ಒಪ್ಪಿಸಿ.

ಗುಳಿಗಿಯ ವಿಷಯವೇ ಹೆಚ್ಚು ಕೆಡುವ ಜಾಗ. ಆತಂಕಕ್ಕೆ ಮೊದಲು ಬರೆಯುವ ಗುಂಪು ಎಸ್‌ಎಸ್‌ಆರ್‌ಐ. ಉದಾಹರಣೆಗೆ ಎಸ್ಸಿಟಾಲೊಪ್ರಾಂ, ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರುಮಾಡಿ 10ಕ್ಕೆ ಏರಿಸುತ್ತಾರೆ. ಮೊದಲ ವಾರ ಓಕರಿಕೆ, ತಲೆನೋವು ಬರಬಹುದು, ಕೆಲವರಿಗೆ ಆತಂಕವೇ ತುಸು ಹೆಚ್ಚಾದಂತೆ ಅನಿಸಬಹುದು. ಇದನ್ನು ಯಾರೂ ಮೊದಲೇ ಹೇಳಿರದಿದ್ದರೆ 'ಗುಳಿಗಿ ಹೀಟ್ ಆತು' ಎಂದು ನಾಲ್ಕನೇ ದಿನಕ್ಕೆ ಬಿಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಹಿಡಿತಕ್ಕೆ ಆರರಿಂದ ಎಂಟು ವಾರ ಬೇಕು. ಗುಣವಾದ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸಿ, ನಂತರ ವೈದ್ಯರು ಹೇಳಿದ ಲೆಕ್ಕದಲ್ಲಿ ವಾರಗಟ್ಟಲೆ ಇಳಿಸುತ್ತಾ ಬರಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ, ತಲೆಸುತ್ತು, ಕಿರಿಕಿರಿ. ಅದನ್ನೇ ರೋಗ ಮರಳಿತೆಂದು ತಿಳಿಯುವವರು ಬಹಳ. ಇಪ್ಪತ್ತೈದರ ಒಳಗಿನವರಿಗೆ ಶುರುವಿನ ವಾರಗಳಲ್ಲಿ ಸಾಯುವ ವಿಚಾರ ಹೆಚ್ಚುತ್ತಿದೆಯೇ ಎಂದು ಮನೆಯವರು ಗಮನಿಸಬೇಕು, ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು.

ಅಲ್ಪ್ರಜೋಲಾಂ, ಕ್ಲೋನಾಜೆಪಾಂ ಬೇರೆ ಜಾತಿ. ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ಜೀವ ತಣ್ಣಗಾಗುತ್ತದೆ, ಅಲ್ಲೇ ತೊಂದರೆ ಇರುವುದು. ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ದಿನ ನುಂಗಿದರೆ ಮೈ ಅದಕ್ಕೆ ಒಗ್ಗಿ, ಬಿಟ್ಟಾಗ ಮೊದಲಿಗಿಂತ ಜೋರಾದ ಗಾಬರಿ ಬರಬಹುದು. ಕುಡಿತದ ಜೊತೆ ಸೇರಿದರೆ ಜೀವಕ್ಕೆ ಅಪಾಯ. ಅಲ್ಪ್ರಜೋಲಾಂ ಶೆಡ್ಯೂಲ್ ಎಚ್1ರಲ್ಲಿದೆ, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಪರಿಚಯದ ಮೆಡಿಕಲ್ ಶಾಪಿನವರು ಹಳೇ ಚೀಟಿಗೆ ಕೊಟ್ಟರೆಂಬ ಉಪಕಾರ ಬೇಡ. ನೆರವು ಕೊಡುವವರು ಮಾಡುವ ಮತ್ತೊಂದು ಕೆಲಸ, ತಮ್ಮ ಪಟ್ಟಿಯಿಂದ 'ಅರ್ಧ ತುಗೋರಿ, ಆರಾಮ ಆಗ್ತದ' ಎಂದು ಹಂಚುವುದು. ಎಷ್ಟೇ ಕರುಣೆಯಿಂದ ಮಾಡಿದರೂ ಇದು ತಪ್ಪೇ. ಎದೆಬಡಿತಕ್ಕೆ ಬರೆಯುವ ಪ್ರೊಪ್ರನೊಲಾಲ್ ಅನ್ನು ಹೀಗೆ ಹಂಚಿದಾಗ ದಮ್ಮಿನ ಕಾಯಿಲೆಯವರ ಉಸಿರೇ ಕಟ್ಟಬಹುದು.

ಮಾತಿನ ಚಿಕಿತ್ಸೆ ಕೇಳದೆ ಸಿಗುವುದಿಲ್ಲ. ರೋಗಿಗಳ ಸಾಲು ಉದ್ದವಿರುವ ಸರ್ಕಾರಿ ಓಪಿಡಿಯಲ್ಲಿ ಗುಳಿಗಿ ಬರೆಯುವುದು ಬೇಗ ಮುಗಿಯುವ ಕೆಲಸ. 'ಸಿಬಿಟಿಗೆ ಕ್ಲಿನಿಕಲ್ ಸೈಕಾಲಜಿ ವಿಭಾಗಕ್ಕ ಬರದ ಕೊಡ್ರಿ ಸರ' ಎಂದು ಬಾಯಿಬಿಟ್ಟು ಕೇಳಿ. ಸಿಬಿಟಿ ಅಂದರೆ ಯೋಚನೆ, ನಡವಳಿಕೆ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ. ಪೂರ್ತಿ ಸುತ್ತು ಅಂದರೆ ವಾರಕ್ಕೊಂದರಂತೆ ಹನ್ನೆರಡರಿಂದ ಹದಿನಾರು ಭೇಟಿ. ಗದಗ, ಹಾವೇರಿಯಿಂದ ಪ್ರತಿ ವಾರ ಧಾರವಾಡಕ್ಕೆ ಬರುವುದು ಕೂಲಿ ಕಳೆದುಕೊಳ್ಳುವ ಮಾತು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ಅಲ್ಲಿ ವಿಚಾರಿಸಿ, ಇಲ್ಲವೆ ಹದಿನೈದು ದಿನಕ್ಕೊಂದು ಭೇಟಿ, ನಡುವೆ ಮನೆಗೆಲಸ ಎಂದು ಒಪ್ಪಂದ ಮಾಡಿಕೊಳ್ಳಿ. ಆ ಮನೆಗೆಲಸ ಮಾಡದೆ ಬರೀ ಭೇಟಿಗೆ ಬಂದರೆ ಫಲ ಕಡಿಮೆ.

ಮನೆಗೆಲಸ ಅಂದರೆ ಏನು? ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಭಯವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಏಸಿ ಬಸ್ಸು, ಬಾಗಿಲು ಮುಚ್ಚಿಕೊಳ್ಳುತ್ತದೆ, ಕಿಟಕಿ ತೆರೆಯುವಂತಿಲ್ಲ, ನಿಂತೇ ಹೋಗುವ ಗದ್ದಲ. ಪ್ಯಾನಿಕ್ ಇರುವವರಿಗೆ ಇದಕ್ಕಿಂತ ಕಷ್ಟದ ಜಾಗ ಕಡಿಮೆ. ಮೊದಲ ಮೆಟ್ಟಿಲು ಜ್ಯುಬಿಲಿ ಸರ್ಕಲ್ ನಿಲ್ದಾಣದಲ್ಲಿ ಹತ್ತದೆ ಹದಿನೈದು ನಿಮಿಷ ನಿಲ್ಲುವುದು. ನಂತರ ಮಧ್ಯಾಹ್ನ ಖಾಲಿ ಇರುವಾಗ ಒಂದು ನಿಲ್ದಾಣ. ನಂತರ ನವನಗರದವರೆಗೆ. ಕೊನೆಗೆ ಸಂಜೆಯ ಗದ್ದಲದಲ್ಲಿ ಹುಬ್ಬಳ್ಳಿಯವರೆಗೆ. ಭಯಕ್ಕೆ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು, ಅದು ಅರ್ಧಕ್ಕೆ ಇಳಿಯುವವರೆಗೆ ಆ ಮೆಟ್ಟಿಲು ಬಿಡಬಾರದು. ಎಲ್ಲರೂ ಎಡವುವುದು ಒಂದೇ ಕಡೆ: ಜೇಬಿನಲ್ಲಿ ಗುಳಿಗಿ, ಕೈಯಲ್ಲಿ ನೀರಿನ ಬಾಟಲಿ, ಫೋನಿನ ಆ ಕಡೆ ತಮ್ಮ. ಇವಿಷ್ಟೂ ಇದ್ದರೆ 'ಇವುಗಳಿಂದ ಉಳಿದೆ' ಎಂದು ಮನಸ್ಸು ಬರೆದುಕೊಳ್ಳುತ್ತದೆಯೇ ಹೊರತು ಬಸ್ಸಿನಲ್ಲಿ ಅಪಾಯವಿರಲಿಲ್ಲ ಎಂದು ಕಲಿಯುವುದಿಲ್ಲ.

ಈಗ ಮೊದಲು ಹೇಳಿದ ಆ ಅರ್ಧ ಭಾಗ. ಆತಂಕವಿರುವವರಿಗೆ ನೆರವು ಕೊಡುವುದೇ ನೀರಿನ ಬಾಟಲಿಯಾಗಬಲ್ಲದು. 'ಆರಾಮದೀ ಏನವಾ?' ಎಂದು ಬೆಳಿಗ್ಗೆ ಒಂದು ಮೆಸೇಜು, ಉತ್ತರ ಬರುವವರೆಗೆ ಊಟ ಸೇರುವುದಿಲ್ಲ, ನೀಲಿ ಗೆರೆ ಬಿತ್ತೋ ಎಂದು ಮತ್ತೆ ಮತ್ತೆ ನೋಡುವುದು, ಉತ್ತರ ಬಂದ ಮೇಲೆ ಒಂದು ಗಂಟೆ ನಿರಾಳ, ಮತ್ತೆ ಶುರು. ಹೊರಗಿನವರಿಗೆ ಇದು ಕಾಳಜಿ. ಒಳಗೆ ನಡೆಯುತ್ತಿರುವುದು ತನ್ನದೇ ಗಾಬರಿ ಇಳಿಸಿಕೊಳ್ಳುವ ಕೆಲಸ. ಚಿಕಿತ್ಸಕರಿಗೆ ನೀವು ಈ ಕೆಲಸದಲ್ಲಿದ್ದೀರಿ ಎಂದೇ ಗೊತ್ತಿಲ್ಲದಿದ್ದರೆ ಅವರು ಬಸ್ಸಿನ ಭಯ ಬಿಡಿಸುತ್ತಾರೆ, ಇದು ಹಾಗೇ ಉಳಿಯುತ್ತದೆ. ಹೇಳಿದರೆ ಇದಕ್ಕೂ ಮೆಟ್ಟಿಲು ಕಟ್ಟಿಕೊಡುತ್ತಾರೆ: ದಿನಕ್ಕೆ ಒಂದೇ ಸಲ, ಗೊತ್ತುಮಾಡಿದ ಹೊತ್ತಿಗೆ ವಿಚಾರಿಸುವುದು. ತುರ್ತಲ್ಲದ ಮೆಸೇಜಿಗೆ ಎರಡು ಗಂಟೆ ಬಿಟ್ಟು ಉತ್ತರ. ರಾತ್ರಿ ಒಂಬತ್ತರ ನಂತರ 'ಈಗ 14416ಕ್ಕೆ ಹಚ್ಚವಾ, ನಾಳೆ ಹತ್ತಕ್ಕೆ ನಾ ಮಾತಾಡ್ತೇನಿ' ಎಂದು ಹೇಳಿ ನಿಜಕ್ಕೂ ನಾಳೆ ಹತ್ತಕ್ಕೆ ಮಾತಾಡುವುದು. ಸಾಯುವ ಮಾತು ಬಂದಿದ್ದರೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ.

ಎದುರಿನವರಿಗೂ ಇದರಿಂದ ಲಾಭ. 'ಏನೂ ಆಗೂದಿಲ್ಲ ಬಿಡ್ರಿ' ಎಂದು ಹತ್ತು ಸಲ ಹೇಳಿದರೆ ಹನ್ನೊಂದನೇ ಸಲಕ್ಕೂ ಅವರು ಅದನ್ನೇ ಕೇಳಲು ಬರುತ್ತಾರೆ. 'ಹ್ವಾದ ಸಲ ಹಿಂಗಾದಾಗ ಏನ್ ಮಾಡಿದ್ರಿ, ಎಷ್ಟೊತ್ತಿಗೆ ಇಳೀತು?' ಎಂದು ಕೇಳಿದರೆ ಉತ್ತರ ಅವರ ಬಾಯಿಂದಲೇ ಹೊರಡುತ್ತದೆ.

ಸಾಯುವ ವಿಚಾರದ ಬಗ್ಗೆ ನೇರವಾಗಿ ಕೇಳಿ. ಕೇಳಿದರೆ ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬುದು ಸುಳ್ಳು. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಹೊಲದ ಮನೆಯಾದರೆ ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿಗಳನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ. 'ಪೊಲೀಸ್ ಕೇಸ್ ಆಗ್ತದ' ಎಂದು ಮನೆಯವರು ದವಾಖಾನೆಗೆ ತಡಮಾಡಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳಿ: ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಮಂಗಳವಾರದ ಕ್ಲಿನಿಕ್

ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಕಲಘಟಗಿ, ಕುಂದಗೋಳ, ರೋಣ, ಹಾನಗಲ್ಲಿನಂಥ ಊರವರಿಗೆ ಧಾರವಾಡದಲ್ಲಿ ಒಮ್ಮೆ ನಿರ್ಣಯವಾದ ಮೇಲೆ ಗುಳಿಗಿ ಮುಂದುವರಿಸಲು ಇದೇ ಸರಿಯಾದ ಜಾಗ. ಹಬ್ಬ, ರಜೆ, ವೈದ್ಯರ ಬದಲಾವಣೆ ಎಂದು ವಾರ ತಪ್ಪುವುದುಂಟು, ಹಿಂದಿನ ದಿನ ಫೋನ್ ಮಾಡಿ ಕೇಳಿ. ಗುಳಿಗಿ ಪೂರ್ತಿ ಮುಗಿದ ಮೇಲೆ ಹೋಗಬೇಡಿ, ಹತ್ತು ದಿನದ್ದು ಕೈಯಲ್ಲಿರುವಾಗಲೇ ಹೋಗಿ. ಕಂಪನಿ ಬದಲಾಗಿ ಪಟ್ಟಿಯ ಬಣ್ಣ ಬೇರೆ ಬಂದರೆ ಗಾಬರಿ ಬೇಡ, ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಹೊಂದಿಸಿ ನೋಡಿ. 10ರ ಬದಲು 5ರ ಪಟ್ಟಿ ಕೊಟ್ಟಿದ್ದರೆ ಎರಡು ನುಂಗಬೇಕೋ ಒಂದೋ ಎಂದು ಅಲ್ಲೇ ಕೇಳಿ ಬರೆಸಿಕೊಳ್ಳಿ.

ಆಶಾ ಕಾರ್ಯಕರ್ತೆಗೆ, ಊರ ಶಾಲೆಯ ಮೇಷ್ಟ್ರಿಗೆ ಮಾತ್ರ ಇದನ್ನು ನಾವು ಸುಮ್ಮನೆ ಶಿಫಾರಸು ಮಾಡುವುದಿಲ್ಲ. ತಾನು ವಾರವಾರ ರೋಗಿಗಳನ್ನು ಕರೆತರುವ ಅದೇ ಬೆಂಚಿನಲ್ಲಿ ಕೂತು ಕಾಯಬೇಕು. ಕೇಸ್ ಪೇಪರ್ ಬರೆಯುವವರಿಂದ ಗುಳಿಗಿ ಕೊಡುವವರವರೆಗೆ ಎಲ್ಲರೂ ಪರಿಚಯದವರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಗೋಪ್ಯತೆಯ ಹಕ್ಕಿದೆ ನಿಜ, ಆದರೆ ಬೆಂಚಿನ ಮೇಲೆ ಕೂತವರನ್ನು ಕಂಡವರ ಬಾಯಿಗೆ ಕಲಮು ಬೀಗ ಹಾಕುವುದಿಲ್ಲ. ಪಕ್ಕದ ತಾಲೂಕಿನ ಕ್ಲಿನಿಕ್ಕಿಗೆ ಹೋಗಿ, ಇಲ್ಲವೆ ಎರಡು ತಿಂಗಳಿಗೊಮ್ಮೆ ಧಾರವಾಡಕ್ಕೇ ಬಂದು ಅಷ್ಟು ದಿನದ ಔಷಧ ಬರೆಸಿಕೊಳ್ಳಿ.

ಈ ಓಡಾಟ ಬೇಡವೆಂದು ಖಾಸಗಿಗೆ ಹೋಗುವವರು ಕೋಣೆಯ ಅಂದ ನೋಡುವ ಮೊದಲು ಎರಡು ಸಂಖ್ಯೆ ಕೇಳಿ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಿಆರ್‌ಆರ್ (ನೋಂದಣಿ) ಸಂಖ್ಯೆ. ಸೈಕಾಲಜಿಸ್ಟ್ ಗುಳಿಗಿ ಬರೆದರೆ ಎದ್ದು ಬನ್ನಿ. ಒಂದು ವಾರದಲ್ಲಿ ಪೂರ್ತಿ ಗುಣ ಎಂದರೂ ಎದ್ದು ಬನ್ನಿ. ರಜೆಗೆ ಪ್ರಮಾಣಪತ್ರ ಬೇಕಾದಾಗ, ಸರ್ಕಾರಿಯಾಗಲಿ ಖಾಸಗಿಯಾಗಲಿ, ರೋಗದ ವಿವರ ಎಷ್ಟು ಬರೆಯಬೇಕೆಂದು ವೈದ್ಯರೊಂದಿಗೆ ಮೊದಲೇ ಮಾತಾಡಿ. 'ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನ ವಿಶ್ರಾಂತಿ ಬೇಕು' ಎಂಬಷ್ಟಕ್ಕೇ ರಜೆ ಕೊಡುವ ಕಚೇರಿಗಳು ಬೇಕಾದಷ್ಟಿವೆ. ಕೆಲಸಕ್ಕೆ ಮರಳುವ ಮೊದಲ ವಾರ ಯಾರ ಕಷ್ಟ ಕೇಳುವ ಜವಾಬ್ದಾರಿಯೂ ಬೇಡ, ರಿಜಿಸ್ಟರ್ ತುಂಬುವ ಕೆಲಸ ಕೊಡಿ ಎಂದು ಮೇಲಿನವರನ್ನು ಕೇಳಿಕೊಳ್ಳಿ.